ಅಣ್ಣನ ಹಾರ್ಮೋನಿಯಂ, ನನ್ನ ಉಕುಲೆಲೆ

ಹೋದ ವರ್ಷ ಗಣಪತಿ ಹಬ್ಬದಾಗ ನಮ್ಮ ಓಣಿ ಪೆಂಡಾಲಿನೊಳಗ ಮೈಕ್ ಹಿಡಕೊಂಡ ಹುಡುಗ ‘ಈಗ ನಮ್ಮ ಓಣಿಯ ಹಿರಿಯರು ಗಿಟಾರ್ ಬಾರಸ್ತಾರ’ ಅಂತ ಒದರಿದಾ. ನಾ ಹಿಂದಿಂದ ‘ಗಿಟಾರ್ ಅಲ್ಲೋ ತಮ್ಮಾ, ಉಕುಲೆಲೆ’ ಅಂದೆ. ಅಂವಾ ತಿದ್ದಿಕೊಂಡು ‘ಕ್ಷಮಿಸ್ರಿ, ಹಿರಿಯರು ಉಕ್ಕಲಿ ಬಾರಸ್ತಾರ’ ಅಂದ. ಉಕ್ಕಲಿ ಅಂದ್ರ ವಿಜಯಪುರ ಜಿಲ್ಲಾದಾಗಿನ ಒಂದ ಊರು. ಪೆಂಡಾಲಿನೊಳಗ ಆ ಕಡೆಯಿಂದ ಬಂದ ನಾಕೈದ ಮನಿ ಮಂದಿ ಇದ್ದರು, ಅವರು ಜೋರ ಚಪ್ಪಾಳಿ ಹೊಡದ್ರು. ಅವತ್ತ ನನಗ ಬಿದ್ದ ಚಪ್ಪಾಳಿಯೊಳಗ ಅರ್ಧ ಆ ಊರಿಗೆ ಸೇರಬೇಕು.

ಈ ಉಕುಲೆಲೆ ಅನ್ನೋದನ್ನ ನೋಡದವರಿಗೆ ಹೇಳತೇನಿ. ಗಿಟಾರಿನ ಮರಿ ಇದ್ದಂಗ ಇರತದ. ಸಣ್ಣ ನಮೂನಿದು ಉದ್ದ 21 ಇಂಚು, ಅಂದ್ರ ಒಂದ ಮೊಳಕ್ಕ ಮೂರ ಇಂಚ ಜಾಸ್ತಿ. ನಾಕ ತಂತಿ, ಅವೂ ಕಬ್ಬಿಣದ್ದಲ್ಲ, ನೈಲಾನಿನವು. ನನ್ನ ಮಗಳು ಕಾಲೇಜಿನೊಳಗ ಇದ್ದಾಗ ಹಟಾ ಮಾಡಿ ತರಿಸಿಕೊಂಡಿದ್ಲು. ನೌಕರಿ ಸಿಕ್ಕು ಬೆಂಗಳೂರಿಗೆ ಹೋಗೋ ಮುಂದ ಅದನ್ನ ಕಪಾಟಿನ ಮ್ಯಾಲೆ ಇಟ್ಟು ಹೋದ್ಲು. ನಾ ರಿಟೈರ್ ಆದ ಮ್ಯಾಲೆ ಧೂಳಾ ಝಾಡಿಸಿ ಕೆಳಗ ಇಳಿಸಿದೆ. ಧಾರವಾಡದಾಗ ‘ನಾಕು ತಂತಿ’ ಅಂದ್ರ ಎಲ್ಲಾರಿಗೂ ನೆನಪಾಗೋದು ಬೇಂದ್ರೆ ಅಜ್ಜಾರ ಪುಸ್ತಕ. ಆ ಪುಸ್ತಕಕ್ಕ ಜ್ಞಾನಪೀಠ ಬಂತು. ನನ್ನ ನಾಕ ತಂತಿಗೆ ಬಂದದ್ದು ನಮ್ಮಕಿ ಕಡೆಯಿಂದ ‘ರೀ, ಆ ಡಬ್ಬಿ ಕೆಳಗ ಇಟ್ಟು ಸಂತಿಗೆ ಹೋಗಿ ಬರ್ರಿ’ ಅನ್ನೋ ಮಾತು.

ಆದರ ನಾ ಬಿಡಲಿಲ್ಲ. ಮೊದಲ ಓಣಿ ಗಣಪತಿ, ಆಮ್ಯಾಲೆ ಗುಡಿ ಹಿಂದಿನ ಸಮುದಾಯ ಭವನದಾಗ ಹಿರಿಯ ನಾಗರಿಕರ ಕೂಟ, ಮುಂದ ಒಂದ ಅಂಗನವಾಡಿ, ಈಗ ತಿಂಗಳಿಗೊಮ್ಮೆ ಶನಿವಾರ ಒಂದ ವೃದ್ಧಾಶ್ರಮ. ಹಳೇ ಸಿನೆಮಾ ಹಾಡು, ಒಂದೆರಡ ದಾಸರ ಪದ, ಒಂದ ತತ್ವಪದ. ಕೈಯಾಗ ಬರೋದು ಎಂಟ ಹಾಡು, ಒಂಬತ್ತನೇದು ಕಲೀಲಿಕ್ಕತ್ತೇನಿ. ರೊಕ್ಕಾ ಯಾರೂ ಕೊಡೂದಿಲ್ಲ, ಚಹಾ ಕೊಡತಾರ. ಅಂಗನವಾಡಿಯೊಳಗ ಉಂಡಿನೂ ಕೊಟ್ಟಿದ್ರು.

ಇದೆಲ್ಲಾ ನಮ್ಮಣ್ಣನ ಕಿವಿಗೆ ಬಿತ್ತು.

ನಮ್ಮಣ್ಣ ಅಂದ್ರ ನನಗಿಂತ ಒಂಬತ್ತ ವರ್ಷ ದೊಡ್ಡಾಂವ, ಮಾಳಮಡ್ಡಿಯೊಳಗ ಇರತಾನ. ಫೋನ್ ಮಾಡಿ ಒಂದ ಪ್ರಶ್ನಿ ಕೇಳಿದ. ‘ಅಲ್ಲಲೇ, ಆ ವಾದ್ಯದ್ದು ಘರಾಣಾ ಯಾವುದು?’

ಧಾರವಾಡದ ಮಂದಿಗೆ ಈ ಪ್ರಶ್ನಿ ಎಷ್ಟ ಚುಚ್ಚತದ ಅನ್ನೋದು ಹೇಳೂದು ಬ್ಯಾಡ. ಇದು ಮಲ್ಲಿಕಾರ್ಜುನ ಮನ್ಸೂರರ ಊರು. ಬಸವರಾಜ ರಾಜಗುರುಗಳ ಊರು. ಇಪ್ಪತ್ತ ಕಿಲೋಮೀಟರ ಆ ಕಡೆ ಹುಬ್ಬಳ್ಳಿಯೊಳಗ ಗಂಗೂಬಾಯಿ ಹಾನಗಲ್ ಇದ್ದರು. ಇನ್ನಷ್ಟ ಮುಂದ ಹೋದ್ರ ಕುಂದಗೋಳ, ಸವಾಯಿ ಗಂಧರ್ವರದ್ದು, ಭೀಮಸೇನ ಜೋಶಿಯವರು ಕಲಿತ ಜಾಗಾ. ಇಲ್ಲೆ ಹಾಲಿನಾಂವನೂ ಕಿರಾಣಾ ಯಾವುದು, ಜೈಪುರ ಅತ್ರೌಲಿ ಯಾವುದು ಅಂತ ಮಾತಾಡತಾನ. ಇಂಥಾ ಊರಾಗ ಒಂದ ತೊಂದರಿ ಅದ, ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ. ಸಂಗೀತ ಅಂದ ಮ್ಯಾಲೆ ದೊಡ್ಡಾಂವ ಆಗಬೇಕು, ಇಲ್ಲಾಂದ್ರ ಸುಮ್ಮ ಕೂತು ಕೇಳಬೇಕು. ನಡುವ ಜಾಗಾ ಇಲ್ಲ.

ನಮ್ಮಣ್ಣ ಆ ನಡುವಿನ ಜಾಗಾದಾಗ ಬಿದ್ದಾಂವ. ಸಣ್ಣಂವ ಇದ್ದಾಗಿಂದ ಹಾರ್ಮೋನಿಯಂ ಕಲಿತಿದ್ದ, ಹತ್ತ ವರ್ಷ. ಮುಂಜಾನೆ ಐದಕ್ಕ ಎದ್ದು ಪಡಸಾಲಿಯೊಳಗ ಕೂತು ಅಲಂಕಾರ ಹೊಡಿಯೋ ಸಪ್ಪಳಾ ಕೇಳಿನ ನಾ ಹಾಸಿಗಿ ಬಿಡತಿದ್ದೆ. ಅಂವಗ ಹತ್ತೊಂಬತ್ತ ತುಂಬಿದಾಗ ನಮ್ಮಪ್ಪ ಸಂಗೀತ ಬಲ್ಲ ಒಬ್ಬ ಹಿರಿಯರನ್ನ ಊಟಕ್ಕ ಕರದು ಅಣ್ಣನ ಕಡೆ ಬಾರಸಿದ್ರು. ಅವರು ಕೇಳಿ, ಎಲಿ ಅಡಕಿ ಹಾಕ್ಕೊಂಡು, ‘ಶುದ್ಧ ಅದ, ಆದರ ಕೈಯಾಗ ಜೀವ ಇಲ್ಲ. ಬ್ಯಾಂಕಿನ ಪರೀಕ್ಷಾ ಕಟ್ಟಿಸ್ರಿ’ ಅಂದ್ರು. ಅಷ್ಟ. ಅವತ್ತ ರಾತ್ರಿ ಅಣ್ಣ ಪೆಟ್ಟಿಗಿ ಮುಚ್ಚಿದಾ. ಅವ್ವ ಅದಕ್ಕ ಹೊಲದಿದ್ದ ಕೆಂಪ ಗವಸು ಹಾಕಿ ಅಟ್ಟದ ಮ್ಯಾಲೆ ಇಟ್ಟಾ. ಬ್ಯಾಂಕ್ ಸೇರಿದಾ, ಲಗ್ನಾ ಆದಾ, ಮನಿ ಕಟ್ಟಿದಾ. ಹೊಸಾ ಮನಿಗೆ ಹೋಗೋ ಮುಂದ ಪೆಟ್ಟಿಗಿನೂ ಹೋತು, ಅಟ್ಟದಿಂದ ಅಟ್ಟಕ್ಕ. ಐವತ್ತ ವರ್ಷ ಆದ್ರೂ ಅದನ್ನ ತಗದಿಲ್ಲ, ಮಾರಿಲ್ಲ.

ಹಿಂಗಾಗಿ ಅಂವಾ ಘರಾಣಾ ಕೇಳಿದಾಗ ನಾ ನಗಲಿಲ್ಲ. ಉತ್ತರಾ ಹುಡುಕಲಿಕ್ಕೆ ಕೂತೆ. ಸಿಕ್ಕದ್ದು ಇಷ್ಟ.

ಉಕುಲೆಲೆಯ ಅಜ್ಜನ ಮನಿ ಪೋರ್ತುಗಲ್ ದೇಶಕ್ಕ ಸೇರಿದ ಮದೇರಾ ಅನ್ನೋ ನಡುಗಡ್ಡಿ. ಅಲ್ಲೆ ಮಶೆಟೆ ಅಂತ ನಾಕ ತಂತಿಯ ಸಣ್ಣ ವಾದ್ಯ ಇತ್ತು, ರಜಾವೊ ಅಂತ ಐದ ತಂತಿದೂ ಒಂದಿತ್ತು. ಆಗಿನ ಕಾಲಕ್ಕ ಶಾಂತ ಸಾಗರದ ನಡಬರಕ ಇದ್ದ ಹವಾಯಿ ಒಂದ ಸ್ವತಂತ್ರ ರಾಜ್ಯ. 1875ರಾಗ ಅಮೆರಿಕಾದ ಜೋಡಿ ಒಪ್ಪಂದ ಆಗಿ ಹವಾಯಿ ಸಕ್ಕರಿಗೆ ಸುಂಕ ಇಲ್ಲದಂಗಾತು. ಕಬ್ಬಿನ ಹೊಲಾ ಬೆಳದೂವು, ಆಳು ಸಾಲದಾದ್ರು. ಚೀನಾದಿಂದ ಕರಸಿದ್ರು, ಮದೇರಾದಿಂದನೂ ಕರಸಿದ್ರು. 1879ರ ಆಗಸ್ಟ್ 23ಕ್ಕ ‘ರೇವನ್ಸ್‌ಕ್ರ್ಯಾಗ್’ ಅನ್ನೋ ಹಡಗು ನಾಕ ತಿಂಗಳ ಸಮುದ್ರದ ಮ್ಯಾಲೆ ತೇಲಿ, ನಾನೂರಕ್ಕೂ ಹೆಚ್ಚು ಮಂದಿನ್ನ ಹೊತಗೊಂಡು ಹೊನೊಲುಲು ಮುಟ್ಟಿತು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲಾ ಕಬ್ಬಿನ ಕರಾರಿಗೆ ಹೆಬ್ಬಟ್ಟು ಒತ್ತಿದ ಸಂಸಾರಗಳು. ನೆಲ ಕಂಡ ಖುಷಿಗೆ ಜೊವಾವೊ ಫರ್ನಾಂಡಿಸ್ ಅನ್ನಾಂವ ಇನ್ನೊಬ್ಬರ ಮಶೆಟೆ ಇಸಗೊಂಡು ಬಂದರದಾಗನ ನಿಂತು ಬಾರಿಸಿದ ಅಂತ ಹೇಳತಾರ.

ಇಸಗೊಂಡು ಬಾರಿಸಿದ್ದು ಅನ್ನೋದನ್ನ ಓದಿ ನನಗ ಭಾಳ ಸಮಾಧಾನ ಆತು. ನಂದೂ ಮಗಳದ್ದ.

ಇನ್ನೊಂದ ಮಾತು. ಎರಡ ವಾರಾ ಆಗೋದರಾಗ ಅಲ್ಲಿಯ ‘ಹವಾಯಿಯನ್ ಗೆಜೆಟ್’ ಪತ್ರಿಕಾದಾಗ ಸುದ್ದಿ ಬಂತು, ಮದೇರಾದಿಂದ ಬಂದ ಮಂದಿ ದಿನಾ ರಾತ್ರಿ ಬೀದಿಯೊಳಗ ವಾದ್ಯ ಬಾರಿಸಿ ಊರಿನವರನ್ನ ಖುಷಿ ಪಡಸ್ತಾರ ಅಂತ. ನೋಡ್ರಿ, ಈ ವಾದ್ಯದ ಮೊದಲನೇ ಕಚೇರಿನ ಬೀದಿಯೊಳಗ ಆಗೇದ. ದರಬಾರದಾಗಲ್ಲ, ಟಿಕೀಟು ಇಟ್ಟ ಹಾಲಿನೊಳಗಲ್ಲ. ಊರಿನ ಮಂದಿ ಮುಂದ.

ಅದೇ ಹಡಗಿನೊಳಗ ಮೂರ ಮಂದಿ ಬಡಿಗ್ಯಾರು ಬಂದಿದ್ರು. ಮ್ಯಾನ್ಯುಯೆಲ್ ನೂನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ. ಖುರ್ಚಿ, ಕಪಾಟು ಮಾಡೋ ಕೈ. ಕರಾರಿನ ದುಡಿಮಿ ತೀರಿದ ಮ್ಯಾಲೆ 1880ರ ದಶಕದಾಗ ಮೂವರೂ ಹೊನೊಲುಲುದಾಗ ಅಂಗಡಿ ತಗದ್ರು. ಹವಾಯಿದಾಗ ಬೆಳಿಯೋ ಕೊವಾ ಅನ್ನೋ ಕಟಗಿ ತೊಗೊಂಡು ಮಶೆಟೆ ಮಾಡಲಿಕ್ಕೆ ಹತ್ತಿದ್ರು. ಹಂಗ ಮಾಡತ ಮಾಡತ ಮಶೆಟೆಯ ಆಕಾರಕ್ಕ ರಜಾವೊದ ಸ್ವರ ಕೂಡಿಕೊಂಡು ಹೊಸಾ ವಾದ್ಯನ ಹುಟ್ಟಿತು. ಹೆಸರ ಮಾತ್ರ ಹವಾಯಿ ಮಂದಿ ಇಟ್ಟದ್ದು. ಅವರ ಮಾತಿನ್ಯಾಗ ‘ಉಕು’ ಅಂದ್ರ ಹೇನು, ಚಿಗಟ. ‘ಲೆಲೆ’ ಅಂದ್ರ ಜಿಗಿಯೋದು. ಬಾರಸೋರ ಬೆರಳು ತಂತಿ ಮ್ಯಾಲೆ ಚಿಗಟ ಜಿಗದಂಗ ಜಿಗಿಯೋದು ನೋಡಿ ಹಂಗ ಅಂದ್ರು ಅಂತ ಒಂದ ಮಾತು. ಅಲ್ಲಿಯ ಕಡೀ ರಾಣಿ ಲಿಲಿಯುಕಲಾನಿ ಬ್ಯಾರೆ ಅರ್ಥಾ ಹೇಳತಿದ್ಲು, ‘ಇಲ್ಲಿಗೆ ಬಂದ ಕಾಣಿಕಿ’ ಅಂತ. ನಮ್ಮಕಿಗೆ ಎರಡೂ ಹೇಳಿದೆ. ಆಕಿಗೆ ಚಿಗಟದ್ದ ಖರೇ ಅನಿಸ್ತು.

ರಾಣಿಗಿಂತ ಮೊದಲ ಪಟ್ಟದಾಗ ಇದ್ದಾಂವ ಆಕಿ ಅಣ್ಣ, ರಾಜಾ ಕಲಾಕವಾ. ಪಾದ್ರಿಗಳ ಮಾತು ಕೇಳಿ ದೊಡ್ಡಮಂದಿ ಹೊಲಸು ಅಂತ ದೂರ ಇಟ್ಟಿದ್ದ ಹುಲಾ ಕುಣಿತಾ ಮತ್ತ ಅರಮನಿಗೆ ತಂದಾಂವ ಇಂವನ. ಕುಣಿತದ ಜೋಡಿ ಈ ಕೂಲಿಕಾರರ ವಾದ್ಯನೂ ಅರಮನಿ ಹೊಕ್ಕತು. ರಾಜಾ ತಾನೂ ಬಾರಿಸೋದು ಕಲತಾ. ಈ ರಾಜಾ ನಮ್ಮ ದೇಶಕ್ಕೂ ಬಂದು ಹೋಗ್ಯಾನ. 1881ರಾಗ ಜಗತ್ತ ಸುತ್ತಲಿಕ್ಕೆ ಹೊಂಟಾಗ ಕಲಕತ್ತಾಕ್ಕ ಇಳದು, ಮುಂಬೈಕ್ಕೂ ಹೋಗಿ, ಅಲ್ಲಿಂದ ಹಡಗ ಹತ್ತಿದ. ಹೊಲಕ್ಕ ಆಳು ಎಲ್ಲಿ ಸಿಗತಾರ ಅಂತ ನೋಡೋದೂ ಆ ಪ್ರವಾಸದ ಒಂದ ಕೆಲಸಾ. ನಮ್ಮವರು ಹವಾಯಿಗೆ ಹೋಗಲಿಲ್ಲ, ಫಿಜಿ, ಮಾರಿಷಸ್ಸಿನ ಕಬ್ಬಿನ ಹೊಲಕ್ಕ ಹೋದ್ರು. ಇಲ್ಲಾಂದ್ರ ಉಕುಲೆಲೆಗೆ ಢೋಲಕದ ಜೋಡಿ ಅಲ್ಲೇ ಸಿಗತಿತ್ತೋ ಏನೋ.

1893ರಾಗ ಸಕ್ಕರಿ ಸಾಹುಕಾರರ ಕಡೆ ಮಂದಿ ಸೇರಿ ರಾಣಿನ್ನ ಪಟ್ಟದಿಂದ ಇಳಿಸಿದ್ರು. 1898ರಾಗ ಅಮೆರಿಕಾ ಹವಾಯಿನ ನುಂಗಿತು. ಮುಂದ ಹದಿನೇಳ ವರ್ಷಕ್ಕ, 1915ರಾಗ, ಸ್ಯಾನ್ ಫ್ರಾನ್ಸಿಸ್ಕೊದಾಗ ಪನಾಮಾ ಕಾಲುವಿ ಮುಗದ ಖುಷಿಗೆ ದೊಡ್ಡ ಪ್ರದರ್ಶನ ಹಾಕಿದ್ರು. ಅಲ್ಲೆ ಹವಾಯಿ ಮಳಗಿಯೊಳಗ ಈ ವಾದ್ಯ ಕೇಳಿ ಅಮೆರಿಕಾದ ಮಂದಿಗೆ ಹುಚ್ಚ ಹಿಡೀತು. ರಾಜ್ಯಾ ಕಸಗೊಂಡವರ ಮನಿ ಪಡಸಾಲಿಯೊಳಗ ರಾಜ್ಯಾ ಕಳಕೊಂಡವರ ವಾದ್ಯ ಬಂದು ಕೂತಿತು. ಮಾರ್ಟಿನ್ ಅಂತ ಗಿಟಾರ್ ಕಂಪನಿಯವರೂ ಮಾಡಲಿಕ್ಕೆ ಹತ್ತಿದ್ರು. ಹೊನೊಲುಲುದಾಗ ಸ್ಯಾಮ್ಯುಯೆಲ್ ಕಮಾಕಾ ಅನ್ನಾಂವ 1916ರಾಗ ತನ್ನ ಮನಿಯೊಳಗ ಕೆಲಸಾ ಶುರು ಮಾಡಿದ. ಅನಾನಸ ಹಣ್ಣಿನ ಆಕಾರದ ಉಕುಲೆಲೆ ಅಂವಂದು. ಈಗೂ ಅಂವನ ಮನಿತನದವರ ಅದನ್ನ ನಡಿಸ್ಯಾರ.

ಆಮ್ಯಾಲಿನ ಕಥಿ ಎಲ್ಲಾ ಏರೋದು, ಇಳಿಯೋದು. ಇಂಗ್ಲೆಂಡಿನ್ಯಾಗ ಜಾರ್ಜ್ ಫಾರ್ಮ್‌ಬಿ ಅಂತ ನಗಸೋ ಹಾಡುಗಾರ ಬ್ಯಾಂಜೊ ಹೊಟ್ಟಿಯ ಉಕುಲೆಲೆ ಹಿಡಕೊಂಡು ಸಿನೆಮಾ ಮಾಡಿದ, ಎರಡನೇ ಮಹಾಯುದ್ಧದಾಗ ಸಿಪಾಯಿಗಳ ಮುಂದ ಹೋಗಿ ಬಾರಿಸಿದ. 1949ರ ಸುಮಾರಿಗೆ ಮಾರಿಯೊ ಮಕಫೆರಿ ಅನ್ನಾಂವ ಪ್ಲಾಸ್ಟಿಕ್ಕಿನದ್ದು ಮಾಡಿ ಅಗದೀ ಅಗ್ಗಕ್ಕ ಮಾರಿದ. ಅಂವಾ ಸಾದಾ ಮನಷ್ಯಾ ಅಲ್ಲ, ಜ್ಯಾಂಗೊ ರೈನ್‌ಹಾರ್ಟ್‌ನಂಥಾ ದೊಡ್ಡ ಕಲಾವಿದ ಬಾರಿಸಿದ ಗಿಟಾರಿನ ನಕ್ಷಾ ತಗದಾಂವ. ಅಂಥಾಂವ ಪ್ಲಾಸ್ಟಿಕ್ ಉಕುಲೆಲೆ ಮಾಡೋದು ಹಲಕಾ ಅಂತ ತಿಳಕೊಳ್ಳಲಿಲ್ಲ, ಲಕ್ಷಗಟ್ಟಲೆ ಮಾರಿದ. ಆಮ್ಯಾಲೆ ಇಲೆಕ್ಟ್ರಿಕ್ ಗಿಟಾರ್ ಬಂದು ಇದನ್ನ ಮೂಲಿಗೆ ಹಾಕಿತು. ಕೆನಡಾದ ಹ್ಯಾಲಿಫ್ಯಾಕ್ಸಿನ್ಯಾಗ ಚಾಮರ್ಸ್ ಡೋನ್ ಅನ್ನೋ ಮಾಸ್ತರರು 1960ರ ದಶಕದ ಕಡೀಕ ಸಾಲಿ ಹುಡುಗರ ಕೈಯಾಗ ಕೊಟ್ಟು ಬದುಕಿಸಿದ್ರು. 1993ರಾಗ ಹವಾಯಿದ ಇಸ್ರಾಯೆಲ್ ಕಮಕವಿವೊʼಓಲೆ ಅವರ ಹಾಡಿನ ಆಲ್ಬಮ್ ಬಂತು. ದೊಡ್ಡ ಮೈ, ಅದರ ಮ್ಯಾಲೆ ಆಟಗಿ ಹಂಗ ಕಾಣೋ ವಾದ್ಯ, ಮೆತ್ತಗಿನ ದನಿ. 38ಕ್ಕ ತೀರಿಹೋದ್ರು. ಇಷ್ಟ ಕಾಲ ಆದ್ರೂ ಜನಾ ಕೇಳತಾರ. 2006ರಾಗ ಜೇಕ್ ಶಿಮಾಬುಕುರೊ ಬಾರಿಸಿದ್ದು ಯೂಟ್ಯೂಬಿನ್ಯಾಗ ಬಂದ ಮ್ಯಾಲಂತೂ ಊರೂರಿಗೆ ಕೂಟ ಹುಟ್ಟಿದೂವು. ಗ್ರಂಥಾಲಯದಾಗ, ಚಹಾದ ಅಂಗಡಿಯೊಳಗ, ಇಂಗ್ಲೆಂಡಿನ್ಯಾಗಂತೂ ಪಬ್ಬಿನೊಳಗ, ವಾರಕ್ಕೊಮ್ಮೆ ನನ್ನಂಥಾ ರಿಟೈರ್ ಆದವರು, ಮನಿಯಾಕಿಗಳು, ಮಾಸ್ತರರು ಕೂಡತಾರ, ಬಾರಸತಾರ, ತಪ್ಪತಾರ, ಮನಿಗೆ ಹೋಗತಾರ.

ಅಂದ್ರ ಅಣ್ಣನ ಪ್ರಶ್ನಿಗೆ ಉತ್ತರಾ ಸಿಕ್ಕಿತು. ಈ ವಾದ್ಯಕ್ಕ ಘರಾಣಾ ಇಲ್ಲ, ಬರೇ ಘರ ಅದ.

ಹಾರ್ಮೋನಿಯಂದು ಸ್ವಲ್ಪ ಹುಡುಕಿದೆ. ಅದೇನ ನಮ್ಮ ಋಷಿಗಳು ಮಾಡಿದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಅನ್ನಾಂವ 1842ರಾಗ ಪೇಟೆಂಟ್ ಮಾಡಿಸಿದ್ದು, ಖುರ್ಚಿ ಮ್ಯಾಲೆ ಕೂತು ಕಾಲಿಲೆ ತುಳಿಯೋ ನಮೂನಿದು. ನಮ್ಮ ಮಂದಿ ನೆಲದ ಮ್ಯಾಲೆ ಕೂಡತಾರಲಾ, ಅದಕ್ಕಂತ ಕಲಕತ್ತಾದ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಕೈಲೆ ಗಾಳಿ ಹಾಕೋ ತಿದಿ ಹಿಂದ ಇಟ್ಟು ಸಣ್ಣದು ಮಾಡಿದ್ರು. ಭಜನಿ, ಕೀರ್ತನ, ನಾಟಕ ಕಂಪನಿ, ಎಲ್ಲಾ ಕಡೆ ಹೊಕ್ಕತು. ಆದರ ದೊಡ್ಡವರು ಇದಕ್ಕೂ ಮೂಗು ಮುರದ್ರು. ಸ್ವರದಿಂದ ಸ್ವರಕ್ಕ ಜಾರೋ ಮೀಂಡ್ ಇದರಾಗ ಬರೂದಿಲ್ಲ, ಶ್ರುತಿ ವಿದೇಶಿ ಲೆಕ್ಕದ್ದು ಅಂತ. 1940ರಾಗ ಆಕಾಶವಾಣಿಯಿಂದ ಹೊರಗ ಹಾಕಿದ್ರು, ಬಾಗಲಾ ತಗದದ್ದು 1971ಕ್ಕ. ಮೂವತ್ತೊಂದ ವರ್ಷ. ನಮ್ಮಣ್ಣ ಅಲಂಕಾರ ಹೊಡಿಯೋ ಮುಂದ ಅಂವನ ವಾದ್ಯಕ್ಕ ರೇಡಿಯೋದಾಗ ಜಾಗಾನ ಇದ್ದಿಲ್ಲ. ಆದ್ರೂ ಆ ಮೂವತ್ತೊಂದ ವರ್ಷ ಅದು ಸಾಯಲಿಲ್ಲ. ಬೆಳಗಾವಿಯ ಆರ್. ಕೆ. ಬಿಜಾಪುರೆಯವರಂಥಾ ಪಂಡಿತರೂ ಅದನ್ನ ಕಾಪಾಡಿದ್ರು, ಹನುಮಪ್ಪನ ಗುಡಿಯೊಳಗ ಶನಿವಾರ ಭಜನಿ ಮಾಡೋರೂ ಕಾಪಾಡಿದ್ರು. ಎರಡನೇಯವರ ಹೆಸರು ಯಾವ ಪುಸ್ತಕದಾಗನೂ ಇಲ್ಲ.

ಒಂದ ರವಿವಾರ ಇದೆಲ್ಲಾ ಬರಕೊಂಡ ವಹಿ ಮತ್ತ ಉಕುಲೆಲೆ ಎರಡೂ ಹಿಡಕೊಂಡು ಮಾಳಮಡ್ಡಿಗೆ ಹೋದೆ. ವೈನಿ ಒಗ್ಗರಣಿ ಅವಲಕ್ಕಿ ಕೊಟ್ರು. ಅಣ್ಣ ಪೇಪರ್ ಓದಲಿಕ್ಕತ್ತಿದ್ದ. ನಾ ಮದೇರಾದಿಂದ ಶುರು ಮಾಡಿ ಹೇಳಿದೆ. ಅಂವಾ ಪೇಪರ್ ಕೆಳಗ ಇಡಲಿಲ್ಲ, ಆದರ ಅರ್ಧ ತಾಸು ಹಾಳಿನೂ ಹೊಳ್ಳಿಸಲಿಲ್ಲ. ಬಡಿಗ್ಯಾರ ಮಾತು ಬಂದಾಗ ಒಮ್ಮೆ ‘ಹ್ಞೂಂ’ ಅಂದ. ಹಾರ್ಮೋನಿಯಂ ಮಾತು ಬಂದಾಗ ಏನೂ ಅನ್ನಲಿಲ್ಲ.

ಎಲ್ಲಾ ಮುಗದ ಮ್ಯಾಲೆ, ‘ತಂತಿ ಬಿಡು ನೋಡೂಣು, ಬರೇ ತಂತಿ’ ಅಂದ. ನಾ ಮ್ಯಾಲಿಂದ ಕೆಳಗ ಒಂದೊಂದ ಮೀಟಿದೆ. ಈ ವಾದ್ಯದಾಗ ಒಂದ ಮಜಾ ಅದ. ಎಲ್ಲಾಕಿಂತ ಮ್ಯಾಲಿನ ತಂತಿ ದಪ್ಪ ದನಿದಲ್ಲ, ಏರ ದನಿದು. ಎರಡನೇದು ಎಲ್ಲಾಕಿಂತ ಕೆಳಗಿನ ಸ್ವರ.

ಅಣ್ಣ ಕಣ್ಣ ಮುಚ್ಚಿ ಕೇಳಿದ. ‘ಬಿಳಿ ಒಂದು ಷಡ್ಜ ಹಿಡಿ. ಪ, ಸಾ, ಗ, ಧ. ಇದು ಭೂಪ ಅಲ್ಲೇನಲೇ? ರಿಷಭ ಎಲ್ಲಿ ಹೋತು?’

ಎರಡ ವರ್ಷ ಬಾರಿಸೇನಿ, ನನಗ ಇದು ಹೊಳದಿದ್ದಿಲ್ಲ. ಬೆರಳ ಇಡದನ, ಬರೇ ತಂತಿಯೊಳಗ ಭೂಪ ರಾಗದ ಐದ ಸ್ವರದಾಗ ನಾಕು ಕೂತಾವ. ನಾ ಷಡ್ಜದ ತಂತಿ ಮ್ಯಾಲೆ ಎರಡನೇ ಮನಿ ತೋರಿಸಿ, ‘ರಿಷಭ ಇಲ್ಲದ ಅಣ್ಣಾ’ ಅಂದೆ. ಅಂವಾ ಪೇಪರ್ ಕೆಳಗ ಇಟ್ಟು ಬೆರಳ ಚಾಚಿ ಅಲ್ಲೆ ಒತ್ತಿದ. ನಾ ಮೀಟಿದೆ. ರಿಷಭ ಬಂತು. ಅಂವಾ ಬೆರಳು ಲಗೂನ ತಗೀಲಿಲ್ಲ. ಎಪ್ಪತ್ತೊಂದ ವರ್ಷದ ಬೆರಳು, ಬ್ಯಾಂಕಿನ್ಯಾಗ ನೋಟ ಎಣಿಸಿದ್ದು.

‘ಧೈವತ ಒಂದೀಟ ಇಳದದ, ಏರಸು’ ಅಂದ. ಏರಿಸಿದೆ. ‘ಈಗ ಸರಿ’ ಅಂದ. ವೈನಿ ಅಡಗಿಮನಿ ಬಾಗಲದಾಗ ನಿಂತಿದ್ರು, ಸೆರಗಿಲೆ ಕೈ ಒರಸಿಕೋತ.

ಮುಂದಿನ ಶನಿವಾರ ವೃದ್ಧಾಶ್ರಮಕ್ಕ ಅಣ್ಣ ತಾನಾಗೇ ಬಂದಾ. ಹಿಂದಿನ ಸಾಲಿನೊಳಗ ಕೈ ಕಟಗೊಂಡು ಕೂತಾ. ನಾ ಅವತ್ತ ಎರಡನೇ ಹಾಡಿನ್ಯಾಗ ಎಡವಿದೆ, ಒಬ್ಬ ಅಜ್ಜಿ ‘ಇರಲಿ ಬಿಡಪಾ, ಮುಂದ ಹೇಳು’ ಅಂದ್ರು. ಮುಂದ ಹೇಳಿದೆ. ಮುಗದ ಮ್ಯಾಲೆ ಹೊರಗ ಚಪ್ಪಲಿ ಹಾಕ್ಕೊಳ್ಳೋ ಮುಂದ ಅಣ್ಣ, ‘ಲಯ ಓಡತದ ನಿಂದು. ಹಿಡಿಯೋರು ಒಬ್ಬರು ಬೇಕು’ ಅಂದ. ನಾ ಯಾರು ಅಂತ ಕೇಳಲಿಲ್ಲ.

ಮೊನ್ನೆ ಮಂಗಳವಾರ ವೈನಿ ಫೋನ್ ಬಂತು. ‘ನಿಮ್ಮಣ್ಣ ಸ್ಟೂಲ್ ಹಾಕ್ಕೊಂಡು ಅಟ್ಟಕ್ಕ ಕೈ ಹಾಕಲಿಕ್ಕತ್ತಾರ. ಈ ವಯಸ್ಸಿನ್ಯಾಗ ಬಿದ್ದು ಸೊಂಟ ಮುರಕೊಂಡ್ರ ನೋಡೋರ ಯಾರು? ನೀವರೆ ಲಗೂನ ಬಂದು ಇಳಸಿಕೊಟ್ಟು ಹೋಗ್ರಿ’ ಅಂದ್ರು.

ಹೋಗಿ ಇಳಿಸಿಕೊಟ್ಟೆ. ಅವ್ವ ಹೊಲದ ಕೆಂಪ ಗವಸಿನ ಹೊಲಿಗಿ ಒಂದೂ ಬಿಚ್ಚಿಲ್ಲ. ಒಳಗ ತಿದಿ ಮಾತ್ರ ಇಲಿ ಕಡದು ಜಾಳಗಿ ಆಗೇದ. ಹುಬ್ಬಳ್ಳಿಯೊಳಗ ರಿಪೇರಿ ಮಾಡೋರ ಕಡೆ ಒಯ್ದಿದ್ವಿ. ಸ್ವರದ ಪಟ್ಟಿ ಎಲ್ಲಾ ಛಲೋ ಅವ, ತಿದಿ ಹೊಸಾದ ಹಾಕಬೇಕು, ಮೂರ ವಾರಾ ಬೇಕು ಅಂದ್ರು. ಅಣ್ಣ ಹೊರಗ ಬಂದು, ‘ಮೂರ ವಾರಾ ಯಾಕ ಬೇಕಂತ?’ ಅಂದ.